ಮಗುವಿನ ಬೆನ್ನು ಮತ್ತು ಜಾಹೀರಾತಿನ ಮೆದು ಕೈ

ಬಿಳಿ ಬಟ್ಟೆಯ ಮೇಲೆ ಬೋರಲು ಮಲಗಿದ ಕೂಸು. ಕತ್ತಿನ ಬುಡಕ್ಕೆ ತಾಗಿದ ಎರಡು ಬೆರಳು, ಕಿಟಕಿಯಿಂದ ಇಳಿದ ಎಳೆಬಿಸಿಲು. ಮಕ್ಕಳ ಕೈರೊಪ್ರಾಕ್ಟಿಕ್ ಚಿಕಿತ್ಸೆಯ, ಅಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುತ್ತೇವೆ ಎನ್ನುವ ಚಿಕಿತ್ಸೆಯ, ಇಂಥ ಜಾಹೀರಾತುಗಳನ್ನು ಇಲ್ಲಿ ಮೆಲ್ಬರ್ನಿನಲ್ಲಿ ನೋಡುತ್ತಲೇ ಇರುತ್ತೇನೆ. ಜೊತೆಗೊಂದು ಭರವಸೆ: ಟೊಮೇಟೊ ಹಣ್ಣಾಗಿದೆಯೇ ಎಂದು ಒತ್ತಿ ನೋಡುತ್ತೀರಲ್ಲ, ಅಷ್ಟೇ ಒತ್ತಡ!

ನನ್ನ ತಕರಾರು ಇರುವುದೇ ಇಲ್ಲಿ. ಅಷ್ಟು ಹಗುರವಾಗಿ ಮುಟ್ಟಿದರೆ ಬೆನ್ನುಮೂಳೆಯಲ್ಲಿ ಸರಿಹೋಗುವುದಾದರೂ ಏನು? ನಿಜಕ್ಕೂ ಏನೋ ಸರಿಯುತ್ತದೆ ಎನ್ನುವುದಾದರೆ, ಎಳೆಗೂಸಿನ ಕತ್ತಿಗೆ ಅದು ಹಗುರ ಹೇಗಾದೀತು? ಈ ಪ್ರಶ್ನೆ ಏಳುವ ಮುಂಚೆಯೇ ಚಿತ್ರ ಮನಸ್ಸನ್ನು ಒಲಿಸಿಕೊಂಡುಬಿಟ್ಟಿರುತ್ತದೆ. ಅದೂ ಯಾರ ಮನಸ್ಸನ್ನು? ರಾತ್ರಿಯಿಡೀ ಅಳುವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡಿ ಹಣ್ಣಾದ ತಾಯಿಯ ಮನಸ್ಸನ್ನು. ಕಾಲಿಕ್ ಎನ್ನುವ ಆ ಅಳು ಹುಟ್ಟಿದ ಸುಮಾರು 6 ವಾರಕ್ಕೆ ತಾರಕಕ್ಕೇರಿ, ಹೆಚ್ಚಿನ ಮಕ್ಕಳಲ್ಲಿ 3–4 ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಆ ನಡುವೆ ಯಾರ ಹತ್ತಿರ ಹೋಗಿದ್ದರೂ ಅವರ ಕೈಗುಣ ಅನ್ನಿಸುವುದು ಸಹಜ.

ನಮ್ಮ ಮನೆಗಳಲ್ಲೂ ಕೂಸನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ನೀರು ಹಾಕುತ್ತಾರೆ. ಕೆಲವರು ಕಾಲು ಹಿಡಿದು ತಲೆಕೆಳಗು ಮಾಡುವುದೂ ಉಂಟು. ಅದು ಖಂಡಿತ ಬೇಡ. ಆದರೆ ನೀರು ಹಾಕಿದ ಅಜ್ಜಿ "ಇನ್ನು ಚೆನ್ನಾಗಿ ನಿದ್ದೆ ಮಾಡ್ತದೆ ನೋಡು" ಎನ್ನುತ್ತಾಳೆಯೇ ಹೊರತು, ಬೆನ್ನು ನೀವಿ ಕಿವಿಯ ಸೋಂಕು ವಾಸಿ ಮಾಡಿದೆ ಎನ್ನುವುದಿಲ್ಲ.

ಇಲ್ಲಿನವರನ್ನು ಮೆಚ್ಚಬೇಕಾದ ಸಂಗತಿಯೂ ಇದೆ. ಎರಡು ವಾರದ ಹಸುಗೂಸಿಗೆ ಚಿಕಿತ್ಸೆ ಕೊಟ್ಟ 2018ರ ವಿಡಿಯೊ ಒಂದು ಗದ್ದಲ ಎಬ್ಬಿಸಿದಾಗ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರ ಪರಿಶೀಲನೆಗೆ ಆದೇಶಿಸಿತು. 2 ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಯ ಮೇಲೆ ಈ ಚಿಕಿತ್ಸೆ ಬೇಡವೆಂದು, ಇದನ್ನು ಮಾಡುವವರ ಮೇಲೆ ನಿಗಾ ಇಡುವ ಆಸ್ಟ್ರೇಲಿಯಾದ ಕೈರೊಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ತಡೆ ಹಾಕಿತು. ಪರಿಶೀಲನೆಯಲ್ಲಿ ಗಂಭೀರ ಹಾನಿಯ ಪ್ರಕರಣಗಳೇನೂ ರಾಶಿ ಬೀಳಲಿಲ್ಲ, ಇದನ್ನೂ ಹೇಳಲೇಬೇಕು. ಆದರೆ ಉಪಯೋಗವಿದೆ ಎನ್ನುವುದಕ್ಕೆ ಗಟ್ಟಿ ಪುರಾವೆಯೂ ಸಿಗಲಿಲ್ಲ. 2023ರಲ್ಲಿ ಮಂಡಳಿ ತಡೆಯನ್ನು ಸಡಿಲಿಸಿತು. ಆರೋಗ್ಯ ಸಚಿವರು ಆಕ್ಷೇಪಿಸಿದ್ದರಿಂದ 2024ರಲ್ಲಿ ಮತ್ತೆ ಹಾಕಿತು. ಚಿಕಿತ್ಸೆ ಪಡೆದವರ ಹೊಗಳಿಕೆಯನ್ನು ಜಾಹೀರಾತಿಗೆ ಬಳಸುವುದಕ್ಕೂ ಇಲ್ಲಿನ ಕಾನೂನಿನಲ್ಲಿ ನಿಷೇಧವಿದೆ. ಬಾಯಿಮಾತಿಗೆ ಕಡಿವಾಣ ಬಿದ್ದಾಗ ಚಿತ್ರದ ಕೆಲಸ ಹೆಚ್ಚುತ್ತದೆ. ಮಲಗಿದ ಕೂಸಿನ ಫೋಟೊ ಏನನ್ನೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲವಲ್ಲ, ಹಾಗಾಗಿ ಅದನ್ನು ಸುಳ್ಳೆಂದು ಸಾಧಿಸುವುದೂ ಕಷ್ಟ.

ಊರಿನವರು ಇಂಥ ವಿಡಿಯೊ ಕಳಿಸಿ "ನಿಮ್ಮಲ್ಲಿ ಮಾಡ್ತಾರಂತಲ್ಲ, ಪಾಪುಗೆ ಮಾಡಿಸಬಹುದಾ?" ಎಂದು ಕೇಳಿದರೆ ಬೇಡ ಎಂದೇ ಹೇಳುತ್ತೇನೆ. ಅಳು ಜಾಸ್ತಿ ಅನ್ನಿಸಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಜ್ವರ ಇದ್ದರೆ, ಹಾಲು ಕುಡಿಯದಿದ್ದರೆ ಅವತ್ತೇ ತೋರಿಸಿ.