ನಾಲ್ಕನೇ ಗೋಡೆಯ ಕಾಟ

ನಾಟಕದ ಮನೆಗೆ ಮೂರೇ ಗೋಡೆ. ನಾಲ್ಕನೆಯದು ರಂಗದ ಅಂಚಿನಲ್ಲಿದೆ ಅಂದುಕೊಂಡು ಆಡಿ ಎಂದು ಫ್ರೆಂಚ್ ಲೇಖಕ ದಿದೆರೋ 1758ರಲ್ಲೇ ಹೇಳಿಬಿಟ್ಟ. ಅಂದಿನಿಂದ ನಾಟಕದವರು ಆ ಇಲ್ಲದ ಗೋಡೆಯನ್ನು ಹಿಂದಿನ ಸಾಲಿನವರೂ ನಂಬುವ ಹಾಗೆ ನಿಲ್ಲಿಸುತ್ತ ಬಂದಿದ್ದಾರೆ. ಆದರೆ ಪರವೂರಲ್ಲಿ ಎರಡು ತಿಂಗಳ ಕೆಲಸ ಒಪ್ಪಿಕೊಂಡು, ಕಂಪನಿಯವರು ಕೊಟ್ಟ ಬಿಡಾರದ ಬೀಗ ತೆಗೆದರೆ ಅಲ್ಲಿ ನಾಲ್ಕೂ ಗೋಡೆ ನಿಜವಾಗಿಯೇ ಇರುತ್ತವೆ. ಅದರಲ್ಲಿ ಒಂದಕ್ಕೆ ಬೂಷ್ಟು ಹಿಡಿದಿರುತ್ತದೆ. ದಿದೆರೋ ಬೂಷ್ಟಿನ ವಿಷಯಕ್ಕೆ ಹೋಗಿರಲಿಲ್ಲ.

ಇನ್ನೊಂದು ವಿಚಿತ್ರ ಇದೆ. ಮೂರು ದಿನದಲ್ಲಿ ಅರಮನೆ ಎಬ್ಬಿಸುವ ರಂಗಸಜ್ಜಿಕೆಯವರು ತಮ್ಮ ಕೋಣೆಯಲ್ಲಿ ಎರಡು ತಿಂಗಳಾದರೂ ಸೂಟ್‌ಕೇಸ್ ಬಿಚ್ಚಿರುವುದಿಲ್ಲ. ಸೂರ್ಯಾಸ್ತದ ಬಣ್ಣಕ್ಕಾಗಿ ಅರ್ಧ ದಿನ ಜಗಳವಾಡುವ ಬೆಳಕಿನವರು ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಡಿ ಶವಾಗಾರದವರ ಹಾಗೆ ಕೂತು ಊಟ ಮಾಡುತ್ತಾರೆ. ಕೇಳಿದರೆ, 'ಹೇಗೂ ಬಿಟ್ಟುಹೋಗುವ ಜಾಗ ತಾನೆ?' ಸೆಟ್ಟೂ ಬಿಟ್ಟುಹೋಗುವುದೇ ಅಲ್ಲವೆ! ಬಿಡಾರವನ್ನೂ ಸೆಟ್ಟಿನ ಹಾಗೇ ನೋಡಿದರೆ ಕೆಲಸ ಸುಲಭ: ಒಂದು ಗಂಟೆಯಲ್ಲಿ ಕಟ್ಟಬೇಕು, ಒಂದು ಗಂಟೆಯಲ್ಲಿ ಬಿಚ್ಚಬೇಕು, ಒಂದು ಮೊಳೆಯನ್ನೂ ಹೊಡೆಯಬಾರದು.

ಮೊದಲ ಅಂಕ ಬಚ್ಚಲುಮನೆಯಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಸೂಟ್‌ಕೇಸನ್ನು ಹಾಸಿಗೆಯ ಮೇಲೆ ಎಸೆಯುವುದು ನಾಟಕೀಯವಾಗಿ ಚೆನ್ನಾಗಿರುತ್ತದೆ, ಆದರೆ ತಿಗಣೆಗೂ ಅದೇ ಬೇಕು. ಚೀಲಗಳೆಲ್ಲ ಬಚ್ಚಲಿನ ಬರಿ ನೆಲದ ಮೇಲಿರಲಿ. ಮೊಬೈಲಿನ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆಯ ಅಂಚು, ನಾಲ್ಕು ಮೂಲೆ, ತಲೆದೆಸೆಯ ಹಲಗೆಯ ಹಿಂದೆ ನೋಡಿ. ಮಸಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆಗಳಿದ್ದರೆ ಬೇರೆ ಕೋಣೆ ಕೇಳಿ, ಸಂಕೋಚ ಬೇಡ. ಅನುಮಾನ ಬಂದ ಬಟ್ಟೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ತಿಗಣೆಯೂ ಉಳಿಯುವುದಿಲ್ಲ, ಅದರ ಮೊಟ್ಟೆಯೂ ಉಳಿಯುವುದಿಲ್ಲ. ಉಣ್ಣೆಯ ಸ್ವೆಟರ್ ಉಳಿಯುತ್ತದೆ, ಆದರೆ ಮಗುವಿಗೆ.

ಬಚ್ಚಲಲ್ಲೇ ಇದ್ದೀರಿ, ವಾಸನೆಯ ಕೆಲಸವನ್ನೂ ಮುಗಿಸಿ. ಎರಡು ಪ್ರಯೋಗಗಳ ನಡುವೆ ತಿಂಗಳುಗಟ್ಟಲೆ ಖಾಲಿ ಬಿದ್ದ ಕೋಣೆ ನಾರುತ್ತಿದ್ದರೆ ಎಲ್ಲರೂ ಇಲಿ ಸತ್ತಿದೆ ಅಂದುಕೊಂಡು ಮಂಚ ಎಳೆಯುತ್ತಾರೆ. ಹೆಚ್ಚಿನ ಸಲ ಸತ್ತಿರುವುದು ಮೋರಿಯ ಬಾಗುಕೊಳವೆ. ಸಿಂಕಿನ ಕೆಳಗೆ ಕೊಳವೆ ಡೊಂಕಾಗಿರುವುದು ಅಲ್ಲಿ ಒಂದಿಷ್ಟು ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯಲಿ ಎಂದು. ಬಳಸದೆ ಬಿಟ್ಟರೆ ಆ ನೀರು ಆರಿಹೋಗುತ್ತದೆ, ಬಾಗಿಲು ತೆರೆದ ಹಾಗೆ. ಪ್ರತಿ ಮೋರಿಗೂ ಒಂದೆರಡು ಮಗ್ ನೀರು ಹುಯ್ಯಿರಿ. ನಡುವೆ ವಾರಗಟ್ಟಲೆ ಊರು ಬಿಡುವುದಿದ್ದರೆ ನೀರಿನ ಮೇಲೆ ಒಂದು ಚಮಚ ಅಡುಗೆಎಣ್ಣೆ ಬಿಡಿ, ನೀರು ನಿಧಾನಕ್ಕೆ ಆರುತ್ತದೆ. ಹಾಸಿಗೆಗೆ ಹಿಂದಿನವರ ವಾಸನೆ ಇದ್ದರೆ ಬೇಕಿಂಗ್ ಸೋಡಾ ತೆಳುವಾಗಿ ಉದುರಿಸಿ, ಮೂರು ನಾಲ್ಕು ಗಂಟೆ ಬಿಟ್ಟು ಬ್ರಷ್ಷಿನಲ್ಲಿ ಗುಡಿಸಿ ತೆಗೆಯಿರಿ. ಅಗರಬತ್ತಿ, ಸೆಂಟು ಹೊಡೆದರೆ ಎರಡು ವಾಸನೆ ಆಗುತ್ತವೆ, ಅಷ್ಟೆ.

ಹಳೆಯ ಬಿರುಕು, ಕಲೆ, ಕುಂಟುವ ಕುರ್ಚಿ ಎಲ್ಲದರ ಫೋಟೋ ತೆಗೆದು ಅಂದೇ ಕಂಪನಿಯ ವ್ಯವಸ್ಥಾಪಕರಿಗೆ ಕಳಿಸಿ. ಇದರಲ್ಲಿ ತಮಾಷೆ ಏನೂ ಇಲ್ಲ. ತಮಾಷೆ ಆಗುವುದು ಕೊನೆಯ ದಿನ, ಫೋಟೋ ಇಲ್ಲದವರಿಗೆ.

ಈಗ ಬೆಳಕು. ಒಂದೇ ಒಂದು ಬದಲಾವಣೆಗೆ ಪುರುಸೊತ್ತಿದೆ ಎಂದರೆ ಅದು ಇದೇ ಆಗಿರಲಿ. ಬಾಡಿಗೆ ಕೋಣೆಗಳಲ್ಲಿ ಸಾಮಾನ್ಯವಾಗಿ 6500 ಕೆಲ್ವಿನ್ನಿನ ನೀಲಿಬಿಳುಪಿನ ದೀಪವಿರುತ್ತದೆ, ಆಪರೇಷನ್ ಮಾಡಲು ಹೇಳಿಮಾಡಿಸಿದ್ದು. 2700 ಕೆಲ್ವಿನ್ ಎಂದು ಬರೆದಿರುವ, ಹಳದಿ ಬೆಳಕಿನ ಎರಡು ಎಲ್‌ಇಡಿ ಬಲ್ಬು ಚೀಲದಲ್ಲಿರಲಿ. ಬುಡ ತಿರುಪಿನದೋ ಪಿನ್ನಿನದೋ ಎಂದು ಹೋಗುವವರೆಗೆ ಗೊತ್ತಾಗುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಹೋಲ್ಡರ್ ಒಂದು ಜೊತೆಗಿರಲಿ. ದೀಪವನ್ನು ಕೂತಾಗಿನ ಕಣ್ಣಿನ ಮಟ್ಟಕ್ಕಿಂತ ಕೆಳಗಿಟ್ಟು, ಗೋಡೆಗೆ ಮುಖ ಮಾಡಿಸಿ. ಬೆಳಕು ಗೋಡೆಗೆ ತಾಗಿ ವಾಪಸು ಬರಲಿ. ಕೋಣೆಯ ಮೂಲೆಗಳು ಕತ್ತಲಲ್ಲಿ ಉಳಿಯುವುದರಿಂದ ಸಾಮಾನಿನ ದರಿದ್ರವೂ ಕತ್ತಲಲ್ಲೇ ಉಳಿಯುತ್ತದೆ. ರಂಗದ ಮೇಲೆ ಮಾಡುವುದೂ ಇದನ್ನೇ ತಾನೆ?

ಇಲ್ಲೇ ಅತಿಬುದ್ಧಿಯವರು ಎಡವುವುದು. ರಂಗಮಂದಿರದಿಂದ ಒಂದು ತುಂಡು ಜೆಲ್, ಅಂದರೆ ದೀಪಕ್ಕೆ ಬಣ್ಣ ಕೊಡುವ ಪಾರದರ್ಶಕ ಹಾಳೆ, ತಂದು ಬಲ್ಬಿಗೆ ಸುತ್ತುತ್ತಾರೆ. ಜೆಲ್ ಬಿಸಿ ತಡೆಯುವುದು ನಿಜ, ಆದರೆ ರಂಗದ ದೀಪದಲ್ಲಿ ಅದು ಚೌಕಟ್ಟಿನೊಳಗೆ ಬಲ್ಬಿನಿಂದ ದೂರ ನಿಂತಿರುತ್ತದೆ. ನೇರವಾಗಿ ಸುತ್ತಿದರೆ ಎಲ್‌ಇಡಿ ತನ್ನ ಬಿಸಿ ಹೊರಹಾಕಲಾಗದೆ ಬೇಗ ಸಾಯುತ್ತದೆ; ಹಳೆಯ ತಂತಿ ಬಲ್ಬಾದರೆ ಜೆಲ್ ಕರಗಿ ಹೊಗೆ ಬಂದು, ಅಲಾರಂ ಕೂಗಿ, ಇಡೀ ಕಟ್ಟಡ ರಾತ್ರಿ ಬಟ್ಟೆಯಲ್ಲಿ ಬೀದಿಗೆ ಬರುತ್ತದೆ. ದೀಪದ ಮೇಲೆ ಶಾಲು ಹೊದಿಸುವವರಿಗೂ ಇದೇ ಮಾತು.

ಬೆಳಕಿನಷ್ಟೇ ಮುಖ್ಯ ಕತ್ತಲು. ಪ್ರಯೋಗ ಮುಗಿದು, ಬಣ್ಣ ಒರೆಸಿ, ಹಸಿವಾಗಿ, ತಿಂದು, ಇವತ್ತು ಎರಡನೇ ದೃಶ್ಯದಲ್ಲಿ ಯಾರು ಮಾತು ನುಂಗಿದರು ಎಂಬುದರ ವಿಚಾರಣೆ ಮುಗಿದು ನಿದ್ದೆ ಹತ್ತುವುದು ಎರಡು ಗಂಟೆಗೆ. ಸೂರ್ಯ ಆರಕ್ಕೇ ಪ್ರವೇಶ ಮಾಡುತ್ತಾನೆ, ಸೂಚನೆಗೆ ಕಾಯುವವನಲ್ಲ. ಕಿಟಕಿಯ ಗಾಜಿಗೆ ಸೋಪಿನ ನೀರು ಚಿಮುಕಿಸಿ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಅಂಟಿಸಿ, ಬಟ್ಟೆಯಿಂದ ಒತ್ತಿ ಗಾಳಿ ಹೊರಡಿಸಿದರೆ ಗಮ್ಮಿಲ್ಲದೆ ನಿಲ್ಲುತ್ತದೆ, ಎಳೆದರೆ ಕಿತ್ತುಬರುತ್ತದೆ. ಹೊರಗಿನಿಂದ ನೋಡಿದವರಿಗೆ ಒಳಗೆ ಕಳ್ಳನೋಟು ಅಚ್ಚಾಗುತ್ತಿದೆ ಅನಿಸಬಹುದು. ಮನೆ ಯಜಮಾನರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು.

ಗ್ಯಾಫರ್ ಟೇಪ್, ಅಂದರೆ ರಂಗದ ಮೇಲೆ ವೈರು ಅಂಟಿಸುವ ಬಟ್ಟೆಯ ಟೇಪು, ಹಚ್ಚಬೇಡಿ. ನಾಟಕದವರಿಗೆ ಅದರ ಮೇಲೆ ಇರುವ ಭಕ್ತಿ ದೇವರ ಮೇಲೂ ಇಲ್ಲ. ಅದು ಗುರುತು ಉಳಿಸದೆ ಬರುತ್ತದೆ ಎಂಬ ಖ್ಯಾತಿ ಕೆಲವು ದಿನಗಳ ಮಟ್ಟಿಗೆ ಸರಿ. ಬಿಸಿಲು ಬೀಳುವ ಕಿಟಕಿ ಚೌಕಟ್ಟಿನ ಮೇಲೆ ಎರಡು ತಿಂಗಳು ಬಿಟ್ಟರೆ ಅಂಟು ಮೆತ್ತಗಾಗಿ ಇಳಿದು, ಕೀಳುವಾಗ ಒಂದೋ ಚೌಕಟ್ಟಿನ ಬಣ್ಣವನ್ನು ಜೊತೆಗೆ ಕರೆದುಕೊಂಡು ಬರುತ್ತದೆ, ಇಲ್ಲವೇ ಅಂಟನ್ನೆಲ್ಲ ಅಲ್ಲೇ ಬಿಟ್ಟು ತಾನು ಮಾತ್ರ ಬರುತ್ತದೆ. ಹಾಗಾಗಿದ್ದರೆ ಅಡುಗೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಒರಟು ಬಟ್ಟೆಯಲ್ಲಿ ಉಜ್ಜಿ, ಸೋಪಿನಲ್ಲಿ ತೊಳೆಯಿರಿ.

ಗೋಡೆಗೆ ಅಂಟಿಸುವ ಕೊಕ್ಕೆಗಳೂ ನಂಬಿಸಿ ಕೈಕೊಡುವ ಜಾತಿಯೇ, ಆದರೆ ತಪ್ಪು ನಮ್ಮದು. ಮೊದಲು ಗೋಡೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಆರಿಸಬೇಕು. 30 ಸೆಕೆಂಡ್ ಒತ್ತಿ ಹಿಡಿಯಬೇಕು. ಆಮೇಲೆ ಒಂದು ಗಂಟೆ ಏನೂ ನೇತುಹಾಕಬಾರದು. ಈ ಒಂದು ಗಂಟೆಯನ್ನು ಯಾರೂ ಕಾಯುವುದಿಲ್ಲ. ಅದಕ್ಕೇ ನಡುರಾತ್ರಿ ಚಳಿಗಾಲದ ಕೋಟು ಹೆಣ ಬಿದ್ದ ಹಾಗೆ ಬೀಳುತ್ತದೆ. ತೆಗೆಯುವಾಗ ಪಟ್ಟಿಯ ಬಾಲವನ್ನು ಗೋಡೆಗುಂಟ ನೇರ ಕೆಳಕ್ಕೆ ನಿಧಾನವಾಗಿ ಎಳೆಯಬೇಕು. ತನ್ನ ಕಡೆಗೆ ಎಳೆದವರಿಗೆ ಗೋಡೆಯ ಒಂದು ಚೂರು ಬಹುಮಾನ. ಸುಣ್ಣ ಬಳಿದ, ಪುಡಿ ಉದುರುವ ಗೋಡೆಗೆ ಇವು ಹಿಡಿಯುವುದೇ ಇಲ್ಲ. ಅಲ್ಲಿ ಬಾಗಿಲ ಮೇಲೆ ಸಿಕ್ಕಿಸುವ ಕೊಕ್ಕೆ, ಅಥವಾ ಬಟ್ಟೆ ಹಾಕುವ ಗಾಲಿ ಸ್ಟ್ಯಾಂಡು.

ನಡು ತಗ್ಗಿದ ಮಂಚಕ್ಕೆ ಸೆಟ್ಟಿನ ಬಡಗಿಯನ್ನು ಹಿಡಿಯಿರಿ. 12 ಮಿಲಿಮೀಟರ್ ಪ್ಲೈವುಡ್ಡಿನ ಮಿಕ್ಕ ತುಂಡೊಂದು ಯಾವ ಸೆಟ್ಟಿನ ಕೆಲಸದಲ್ಲೂ ಸಿಗುತ್ತದೆ. ಹಾಸಿಗೆಯ ಅಡಿಗೆ, ಬಣ್ಣ ಬಳಿದ ಮೈ ಕೆಳಗಾಗುವಂತೆ ಹಾಕಿ. ಮೇಲಾದರೆ, ಬಣ್ಣ ಪೂರ್ತಿ ಒಣಗಿರದಿದ್ದರೆ, ಬೆಳಿಗ್ಗೆ ಹಾಸಿಗೆಯ ಅಡಿಭಾಗದಲ್ಲಿ ಇಟ್ಟಿಗೆಯ ಕೋಟೆಗೋಡೆ ಮೂಡಿರುತ್ತದೆ.

ಅಡುಗೆಗೆ ಬರೋಣ. ಕೋಣೆಯಲ್ಲಿ ಒಂದು ಪ್ಲಗ್ಗು, ಅದಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡು, ಅದಕ್ಕೆ ಇಡೀ ಸಂಸಾರ. ಬೋರ್ಡಿನ ಬೆನ್ನಲ್ಲಿ 6 ಆಂಪಿಯರ್ ಎಂದಿದ್ದರೆ, 230 ವೋಲ್ಟ್ ಇರುವ ಕಡೆ ಅದು ಹೊರುವುದು 1380 ವ್ಯಾಟ್ ಮಾತ್ರ. ಇಂಡಕ್ಷನ್ ಒಲೆ ಒಂದೇ 2000 ವ್ಯಾಟ್ ಕೇಳುತ್ತದೆ. ಒಳ್ಳೆಯ ಕಾಲವಿದ್ದರೆ ಫ್ಯೂಸ್ ಹೋಗುತ್ತದೆ, ಕೆಟ್ಟ ಕಾಲವಿದ್ದರೆ ಫ್ಯೂಸ್ ಹೋಗದೆ ಬೋರ್ಡು ಕರಗುತ್ತದೆ. ಒಲೆಯನ್ನು ದಪ್ಪ ಪಿನ್ನಿನ ಗೋಡೆ ಸಾಕೆಟ್ಟಿಗೇ ಹಾಕಿ. ಬೋರ್ಡು ಫೋನಿಗೂ ಮೇಜಿನ ದೀಪಕ್ಕೂ ಇರಲಿ.

ಕೆಟಲ್ ಬಿಡಾರದ ನಾಯಕಿ ಇದ್ದ ಹಾಗೆ, ಅವಳಿಗೆ ಒಪ್ಪದ ಪಾತ್ರ ಕೊಡಬಾರದು. ನೀರು ಕುದಿದ ಆವಿ ಒಳದಾರಿಯಲ್ಲಿ ಹೋಗಿ ಎರಡು ಲೋಹ ಬೆಸೆದ ಪಟ್ಟಿಯನ್ನು ಬಾಗಿಸಿದಾಗ ಕೆಟಲ್ ತಾನಾಗಿ ಆರುತ್ತದೆ. ಮುಚ್ಚಳ ತೆರೆದಿಟ್ಟರೆ ಆವಿ ಹೊರಗೆ ಹೋಗಿ ಕುದಿಯುತ್ತಲೇ ಇರುತ್ತದೆ. ಹಾಲು ಹಾಕಿದರೆ ತಳದಲ್ಲಿ ಸೀದು, ಅದು ಆರುವ ಮೊದಲೇ ಉಕ್ಕಿ, ಅದೇ ಆವಿದಾರಿಗೆ ನುಗ್ಗುತ್ತದೆ. ಆಮೇಲೆ ಎರಡು ತಿಂಗಳೂ ಸೀದ ಹಾಲಿನ ಪರಿಮಳದ ಚಹಾ. ಮೊಟ್ಟೆ ಬೇಯಿಸಬಹುದು, ನೀರು ಕುದಿದು ಕೆಟಲ್ ಆಫ್ ಆದ ಮೇಲೆ ಮುಚ್ಚಳ ಹಾಕಿಯೇ ಕಾಲು ಗಂಟೆ ಬಿಡಿ. ಮೊಟ್ಟೆ ಒಡೆದರೆ ಮಾತ್ರ ಹಾಲಿನ ಕಥೆಯೇ.

ಬಟ್ಟೆ ಒಣಗಿಸುವಾಗ ಬೂಷ್ಟು ಹಿಡಿದ ಆ ನಾಲ್ಕನೇ ಗೋಡೆಯ ನೆನಪಿರಲಿ. ಯಂತ್ರ ಹಿಂಡಿಕೊಟ್ಟ ಒಂದು ಒಬ್ಬೆ ಬಟ್ಟೆಯಲ್ಲೂ ಸುಮಾರು 2 ಲೀಟರ್ ನೀರು ಉಳಿದಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಒಣಹಾಕಿದರೆ ಅದೆಲ್ಲ ಗಾಳಿಗೆ ಏರಿ, ಕೋಣೆಯ ಅತಿ ತಣ್ಣಗಿನ ಗೋಡೆಯ ಮೇಲೆ ಇಳಿಯುತ್ತದೆ. ಹಿಂದಿನವರು ಬೆಳೆಸಿದ ಬೂಷ್ಟಿಗೆ ನೀವು ನೀರು ಹಾಕಿದ ಹಾಗೆ. ಬಚ್ಚಲಲ್ಲಿ ಒಣಹಾಕಿ, ಬಾಗಿಲು ಮುಚ್ಚಿ, ಗಾಳಿ ಹೊರಹಾಕುವ ಫ್ಯಾನ್ ಹಾಕಿಡಿ, ಇಲ್ಲವೇ ಕಿಟಕಿ ತೆರೆದಿಡಿ; ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ.

ಒಗೆಯಲಾಗದ ಬಟ್ಟೆಯ ಬೆವರಿನ ವಾಸನೆಗೆ ವೇಷಭೂಷಣದವರ ಹಳೆಯ ಉಪಾಯ ಗೊತ್ತೇ ಇದೆ: ಸ್ಪ್ರೇ ಬಾಟಲಿಯಲ್ಲಿ ಅಗ್ಗದ ವೋಡ್ಕಾ. ಕಂಕುಳಿನ ಒಳಮೈಗೆ ಸಿಂಪಡಿಸಿ ಗಾಳಿಗೆ ಬಿಟ್ಟರೆ ಅದರ ವಾಸನೆಯೂ ಹಾರಿಹೋಗುತ್ತದೆ. ರೇಷ್ಮೆ, ರೇಷ್ಮೆಯ ಹಾಗೆ ಹೊಳೆಯುವ ಅಸಿಟೇಟ್ ಬಟ್ಟೆಯ ಮೇಲೆ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ; ಬೆಂಕಿಯ ಹತ್ತಿರ ಬೇಡ. ಬಾಟಲಿಗೆ 'ಬಟ್ಟೆಗೆ' ಎಂದು ಚೀಟಿ ಅಂಟಿಸಿ. ಕೋಣೆ ಗುಡಿಸಲು ಬಂದವರು ಆ ಚೀಟಿಯನ್ನು ನಂಬುವುದಿಲ್ಲ, ಅದು ಬೇರೆ ಮಾತು.

ದಿಂಬಿನ ಚೀಲ ಮಾತ್ರ ಮನೆಯಿಂದಲೇ ಬರಲಿ, ಗಾಢ ಬಣ್ಣದ್ದು. ದಣಿದು ಅರ್ಧಂಬರ್ಧ ಮುಖ ತೊಳೆದು ಮಲಗಿದರೆ, ಮುದುಕನ ಪಾತ್ರಕ್ಕೆ ಬರೆದ ಸುಕ್ಕೆಲ್ಲ ದಿಂಬಿಗೆ ವರ್ಗವಾಗಿರುತ್ತದೆ. ಎಣ್ಣೆಯ ಬಣ್ಣ ನೀರಿಗೆ ಹೋಗುವುದಿಲ್ಲ. ಕೋಲ್ಡ್ ಕ್ರೀಮೋ ಎಣ್ಣೆಯೋ ಹಚ್ಚಿ ಒಂದು ನಿಮಿಷ ಉಜ್ಜಿ, ಕಾಗದದಲ್ಲಿ ಒರೆಸಿ, ಆಮೇಲೆ ಸೋಪು. ಬಟ್ಟೆಗೆ ಹತ್ತಿದ್ದರೂ ನೀರು ಮುಟ್ಟಿಸುವ ಮೊದಲು ಪಾತ್ರೆ ತೊಳೆಯುವ ದ್ರವವನ್ನು ಒಣಬಟ್ಟೆಗೇ ಹಚ್ಚಿ ಕಾಲು ಗಂಟೆ ಬಿಡಬೇಕು.

ಮಾತು ಬಾಯಿಪಾಠ ಮಾಡುವುದು ನೆರೆಯವರ ಪಾಲಿನ ನಾಟಕ. ರಾತ್ರಿ ಹನ್ನೆರಡಕ್ಕೆ 'ಇವತ್ತೇ ಅವನನ್ನು ಮುಗಿಸಿಬಿಡು' ಎಂದು ತೆಳುಗೋಡೆಯ ಆಚೆ ಕೇಳಿದರೆ ಯಾರಿಗೆ ನಿದ್ದೆ? ಫೋನು ಕಿವಿಗಿಟ್ಟುಕೊಂಡು ಹೇಳಿದರೆ ಇನ್ನೂ ಕೆಡುತ್ತದೆ, ಆಗ ಅದು ಸುಪಾರಿ. ಪಿಸುಗುಟ್ಟಿದರೆ ಗಂಟಲಿಗೆ ಆಯಾಸ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಮೆಲುದನಿಯಲ್ಲಿ ಹೇಳಿ. ಬಟ್ಟೆ ಮೇಲಿನ ಸ್ವರಗಳನ್ನು ಹೀರುತ್ತದೆ, ರಾಜನ ಅಟ್ಟಹಾಸದಂಥ ಮಂದ್ರವನ್ನು ಹೀರುವುದಿಲ್ಲ. ಅಟ್ಟಹಾಸ ತಾಲೀಮಿಗೇ ಇರಲಿ. ದನಿ ಹದ ಮಾಡಲು ಅರ್ಧ ಬಾಟಲಿ ನೀರಿನಲ್ಲಿ ಸ್ಟ್ರಾ ತುದಿಯನ್ನು 2-3 ಸೆಂಟಿಮೀಟರ್ ಮುಳುಗಿಸಿ, 'ಊ' ಎಂದು ಎರಡು ಮೂರು ನಿಮಿಷ ಗುಳುಗುಳು ಮಾಡಿದರೆ ಸಾಕು. ಆಚೆಯವರಿಗೆ ಮೀನಿನ ತೊಟ್ಟಿ ತಂದಿದ್ದಾರೆ ಅನಿಸುತ್ತದೆ.

ಅಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಿಣುಕು ದೀಪದ ಸರಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಚೌಕಟ್ಟು ಹಾಕಿದ ಫೋಟೋ ಮೂರನೇ ದಿನಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕೈಗೆ ಸಿಗುವ ಪರಿಕರವೇ ನಟನನ್ನು ಪಾತ್ರದೊಳಗೆ ಎಳೆಯುವುದು. ಬಿಡಾರಕ್ಕೂ ಮನೆಯ ಒಂದು ಲೋಟ, ಒಂದು ಟವೆಲ್ಲು, ಆ ದಿಂಬಿನ ಚೀಲ ಸಾಕು. ಗಾಜಿನ ಲೋಟವಾದರೆ ಕಾಲುಚೀಲದೊಳಗೆ ತುರುಕಿ ತನ್ನಿ.

ಮಂಚ, ಮೇಜು ನಿಮಗೆ ಬೇಕಾದ ಕಡೆ ಸರಿಸುವ ಮೊದಲು, ಅವುಗಳ ಕಾಲಿನ ಮೂಲೆಗೆ ರಂಗದ ಮೇಲೆ ಜಾಗ ಗುರುತಿಸುವ ಬಣ್ಣದ ಟೇಪಿನ ಎರಡು ತುಂಡನ್ನು ಲಂಬಕೋನದಲ್ಲಿ ನೆಲಕ್ಕೆ ಅಂಟಿಸಿ. ಕೊನೆಯ ಪ್ರಯೋಗದ ರಾತ್ರಿ ಸೆಟ್ಟು ಬಿಚ್ಚಿ ಬಂದು, ನಿದ್ದೆಗಣ್ಣಲ್ಲಿ ಕೊಕ್ಕೆ ಎಳೆದು, ಫಾಯಿಲ್ ಸುಲಿದು, ಹಳೆಯ ಬಲ್ಬು ವಾಪಸು ಹಾಕುವಾಗ ಮೇಜು ಎಲ್ಲಿತ್ತು ಎಂದು ಯೋಚಿಸುವ ಕೆಲಸ ಇರುವುದಿಲ್ಲ. ಟೇಪು ಅಂಟಿಸಲು ಬಗ್ಗಿದಾಗ ನೆಲ ಸರಿಯಾಗಿ ನೋಡಿ. ಹಿಂದಿನ ನಾಟಕದವರ ಗುರುತು ಅಲ್ಲಿ ಮೊದಲೇ ಇರುತ್ತದೆ, ಬೇರೆ ಬಣ್ಣದಲ್ಲಿ, ನಿಮ್ಮದಕ್ಕಿಂತ ಎರಡು ಬೆರಳು ಆಚೆ.