ನಿಮ್ಮದು ಯಾವ ಖಾತಾ?

ದಾವಣಗೆರೆಯ ರಿಂಗ್ ರಸ್ತೆ ದಾಟಿ, ಭದ್ರಾ ನಾಲೆಯ ಪಕ್ಕದಲ್ಲೇ ಸ್ವಲ್ಪ ದೂರ ಬಂದರೆ ನಮ್ಮ ಬಡಾವಣೆ ಸಿಗುತ್ತದೆ. ಕಮಾನಿನ ಮೇಲೆ ‘ಎರಡನೇ ಹಂತ’ ಎಂದು ಬರೆಸಿದ್ದಾರೆ. ಮೊದಲನೇ ಹಂತ ಎಲ್ಲಿ ಅಂತ ಕೇಳಬೇಡಿ. ಅಲ್ಲಿ ಇನ್ನೂ ಭತ್ತ ನಾಟಿ ಮಾಡುತ್ತಿದ್ದಾರೆ.

ಜನ ಮಾತ್ರ ಥರಾವರಿ. ಮೊದಲ ಕ್ರಾಸ್‌ನಲ್ಲಿ ಮಂಡಕ್ಕಿ ಭಟ್ಟಿಯ ಚಾಚಾ. ಪಕ್ಕದಲ್ಲಿ ಅಡಿಕೆ ರೇಟು ಏರಿದ ವರ್ಷ ಎರಡಂತಸ್ತು ಎಬ್ಬಿಸಿದ ಚನ್ನಗಿರಿ ಕಡೆಯ ಗೌಡ್ರು. ಎದುರಿಗೆ ಬಟ್ಟೆ ಅಂಗಡಿ ಮಾರ್ವಾಡಿ ಶೇಠ್. ಹಿಂದಿನ ಸಾಲಿನಲ್ಲಿ ತಾಂಡಾದಿಂದ ಬಂದ ಲಂಬಾಣಿ ಅಜ್ಜಿ, ತೆಲುಗು ಮೇಸ್ತ್ರಿ, ಬಾಡಿಗೆಗಿರುವ ಬಿಹಾರದ ಟೈಲ್ಸ್ ಹುಡುಗರು. ಮನೆಯೊಳಗೆ ಒಬ್ಬೊಬ್ಬರದು ಒಂದೊಂದು ಭಾಷೆ. ಜಗಳಕ್ಕೆ ಮಾತ್ರ ಎಲ್ಲರೂ ಕನ್ನಡಕ್ಕೇ ಬರುತ್ತಾರೆ. ಕನ್ನಡ ಉಳಿಸುವ ಹೋರಾಟಗಾರರು ಒಮ್ಮೆ ನಲ್ಲಿ ಹತ್ತಿರ ಬಂದು ನೋಡಬೇಕು.

2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರಕ್ಕೆ ನಾವೆಲ್ಲ ಯಾರು ಅಂತ ತಿಳಿದುಕೊಳ್ಳುವ ಆಸೆಯಾಯ್ತು. ಜಾತಿ ಸಮೀಕ್ಷೆ, 60 ಪ್ರಶ್ನೆ. ಅದಕ್ಕೂ ಮುಂಚೆ ಮೀಟರ್ ರೀಡರ್ ಬಂದು ಬಾಗಿಲಿಗೆ ನಂಬರಿನ ಸ್ಟಿಕ್ಕರ್ ಅಂಟಿಸಿ ಹೋದರು. ಅದನ್ನು ಮೇಸ್ತ್ರಿ ಮುಟ್ಟಿ ಮುಟ್ಟಿ ನೋಡಿದ. ಸುಮ್ನೆ ಅಲ್ಲ. ಪಹಣಿ ತೆಗೆಸಿದರೆ ಇವತ್ತಿಗೂ ಅವನ ಅಡುಗೆಮನೆ ಇರುವ ಜಾಗದಲ್ಲಿ ಭತ್ತದ ಬೆಳೆ ನಿಂತಿದೆ. ಒಂದು ಕಚೇರಿ ‘ಅಲ್ಲಿ ಮನೆಯೇ ಇಲ್ಲ’ ಅನ್ನುತ್ತದೆ, ಇನ್ನೊಂದು ಕಚೇರಿ ಅದೇ ಮನೆಗೆ ನಂಬರು ಕೊಡುತ್ತದೆ, ಮೂರನೆಯದು ತಪ್ಪದೆ ಕರೆಂಟ್ ಬಿಲ್ ಕಳಿಸುತ್ತದೆ.

ಸಮೀಕ್ಷೆಯ ಮೇಷ್ಟ್ರು ಅಜ್ಜಿಯ ಕಟ್ಟೆ ಮೇಲೆ ಕೂತು ಮೊಬೈಲ್ ಹಿಡಿದಿದ್ದರು. ಓಟಿಪಿ ಬರಲಿಲ್ಲ. ಎದ್ದು ಶೇಠ್‌ಜಿಯ ಮಹಡಿ ಹತ್ತಿದರು. ಅಲ್ಲಿ ಬಂತು. ಆಮೇಲೆ ಮೇಷ್ಟ್ರು ಮಹಡಿ ಮೇಲಿಂದ ಕೂಗಿ ಕೇಳೋದು, ಅಜ್ಜಿ ಕೆಳಗಿಂದ ಕೂಗಿ ಹೇಳೋದು. ನಡುವೆ ನಿಂತ ಚಾಚಾ ಇಬ್ಬರ ಮಾತನ್ನೂ ತಿದ್ದೋದು. ಹೀಗೆ ಅಜ್ಜಿಯ ಜಾತಿ, ಉಪಜಾತಿ, ಸಾಲ, ಕುರಿ, ಕೋಳಿ ಎಲ್ಲ ಓಣಿಗೇ ಗೊತ್ತಾಯಿತು. ಕೊನೆಗೆ ಅಜ್ಜಿ ಕೇಳಿದಳು: “ನೀರು ಯಾವಾಗ ಬಿಡ್ತಾರೆ ಅನ್ನೋದು ಎಷ್ಟನೇ ಪ್ರಶ್ನೆ, ಮೇಷ್ಟ್ರೇ?” ಮೇಷ್ಟ್ರು ಸಿಗ್ನಲ್ ಹೋಯ್ತು ಅಂದರು.

ಪಾಪ, ಅಷ್ಟೆಲ್ಲ ಕೇಳಿದವರು ನಮ್ಮಲ್ಲಿ ನಿಜವಾಗಿ ನಡೆಯುವ ಜಾತಿಯನ್ನು ಕೇಳಲೇ ಇಲ್ಲ. ಅದು ಎರಡೇ. ಸೈಟು ಯಾರದು ಅಂತ ಪಾಲಿಕೆ ಬರೆದಿಡುವ ಪುಸ್ತಕದಲ್ಲಿ ಕಾಗದ ನೆಟ್ಟಗಿದ್ದವರದು ಎ ಖಾತಾ, ಇಲ್ಲದವರದು ಬಿ ಖಾತಾ.

ಇದರ ಮೂಲಪುರಾಣ ಗುಂಟೆ ಲೆಕ್ಕದಲ್ಲಿದೆ. ಮುಂದಿನ ಸಾಲಿನ ಗದ್ದೆಗೆ ಕನ್ವರ್ಷನ್ ಆಯ್ತು, ಅಂದರೆ ಕಾಗದದಲ್ಲೂ ಗದ್ದೆ ಹೋಗಿ ಮನೆ ಜಾಗವಾಯ್ತು, ನಕ್ಷೆ ಪಾಸಾಯ್ತು. ಹಿಂದಿನ ಸಾಲನ್ನು ಗದ್ದೆಯಾಗಿದ್ದಾಗಲೇ ತುಂಡು ಮಾಡಿ ಮಾರಿದರು. ರೆವಿನ್ಯೂ ಸೈಟು. ಗುಂಟೆ ಅಂದರೆ 1,089 ಚದರಡಿ. ಮಾರಿದ್ದು 30×40, ಅಂದರೆ 1,200. ಗುಂಟೆ ದುಡ್ಡಿಗೆ 111 ಚದರಡಿ ಫ್ರೀ ಅಂತ ಜನ ಕುಣಿದಾಡಿದರು. ಅದು ಎಲ್ಲಿಂದ ಬಂತು ಅನ್ನೋದು ಮನೆ ಕಟ್ಟಿದ ಮೇಲೆ ಗೊತ್ತಾಯ್ತು. ರಸ್ತೆಯಿಂದ ಬಂದಿತ್ತು. ಈಗ ನೀರಿನ ಟ್ಯಾಂಕರ್ ಒಳಗೆ ಬಂದರೆ ರಿವರ್ಸ್‌ನಲ್ಲೇ ಹೋಗಬೇಕು. ದಾವಣಗೆರೆ 2016ರ ಜನವರಿಯಲ್ಲೇ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಸೇರಿದೆ. ಬಹುಶಃ ಸ್ಮಾರ್ಟ್‌ತನವೂ ನಮ್ಮ ಕ್ರಾಸಿನವರೆಗೆ ಬಂದು, ತಿರುಗಿಸೋಕೆ ಜಾಗ ಇಲ್ಲದೆ ವಾಪಸ್ ಹೋಗಿರಬೇಕು.

2025ರ ಫೆಬ್ರವರಿಯಲ್ಲಿ ಸರ್ಕಾರ ಅಭಿಯಾನ ಮಾಡಿ ಇಂಥ ಸೈಟುಗಳಿಗೆ ಬಿ ಖಾತಾ ಕೊಡೋಕೆ ಶುರು ಮಾಡಿತು. ಅಂದರೆ ಮನೆ ಸಕ್ರಮ ಅಲ್ಲ, ಆದರೆ ತೆರಿಗೆ ಸಕ್ರಮ. ಎಲ್ಲರೂ ಕ್ಯೂ ನಿಂತು ಕಟ್ಟಿದರು. ಅಲ್ಲಿಗೆ ಬಡಾವಣೆ ಎರಡಾಯ್ತು.

ಚಾಚಾ, ಗೌಡ್ರು, ಶೇಠ್‌ಜಿ ಮೂವರೂ ಎ. ಮೂವರಿಗೂ ಭಾರಿ ದೋಸ್ತಿ. ಸಂಜೆ ಚಾಚಾ ಮನೆಯಿಂದ ನರ್ಗೀಸ್ ಮಂಡಕ್ಕಿ, ಗೌಡ್ರ ಮನೆಯಿಂದ ಮಿರ್ಚಿ. ದೇವರು ಬೇರೆ, ಖಾತಾ ಒಂದೇ. ಅದೇ ಗೌಡ್ರು, ಹಿಂದಿನ ಸಾಲಿನಲ್ಲಿರುವ ಸ್ವಂತ ಷಡ್ಡಕರ ಜೊತೆ ಮಾತು ಕಮ್ಮಿ ಮಾಡಿದ್ದಾರೆ. “ಒಳ್ಳೇ ಮನುಷ್ಯ, ಆದ್ರೆ ಬಿ ನೋಡ್ರಿ” ಅನ್ನುತ್ತಾರೆ, ದನಿ ತಗ್ಗಿಸಿ. ಮೊನ್ನೆ ಒಂದು ಹೆಣ್ಣು ನೋಡೋ ಶಾಸ್ತ್ರದಲ್ಲಿ ಗೋತ್ರ ಕೂಡಿತು, ಜಾತಕ ಕೂಡಿತು. ಹುಡುಗಿಯ ಸೋದರಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, “ಮನೆ ಮೇಲೆ ಬ್ಯಾಂಕ್ ಲೋನ್ ಸಿಗುತ್ತಾ?” ಅಂದರು. ಹುಡುಗನ ಕಡೆಯವರೆಲ್ಲ ಒಟ್ಟಿಗೆ ಫ್ಯಾನ್ ನೋಡಿದರು. ಕಾಫಿ ಬರುವ ಮುಂಚೆ ಸಂಬಂಧ ಮುರಿಯಿತು.

ಅಷ್ಟರಲ್ಲಿ ಬೆಂಗಳೂರಿನಿಂದ ಸುದ್ದಿ ಬಂತು. ಅಲ್ಲಿ ದುಡ್ಡು ಕಟ್ಟಿದರೆ ಬಿಯನ್ನು ಎ ಮಾಡಿಕೊಡುತ್ತಾರಂತೆ, 2025ರ ನವೆಂಬರ್‌ನಿಂದ ಶುರುವಂತೆ. ಹಿಂದಿನ ಸಾಲಿನಲ್ಲಿ ಪಟಾಕಿ. ಮುಂದಿನ ಸಾಲಿನಲ್ಲಿ ತುರ್ತು ಸಭೆ. “ನಾವು ಕಷ್ಟಪಟ್ಟು ಕನ್ವರ್ಷನ್ ಮಾಡಿಸಿದೋರು. ದುಡ್ಡು ಕಟ್ಟಿದ ಮಾತ್ರಕ್ಕೆ ಎಲ್ಲರೂ ಎ ಆಗ್ಬಿಡ್ತಾರಾ?” ಎಂದು ಗೌಡ್ರು ಗುಡುಗಿದರು. ಶೇಠ್‌ಜಿ ಒಳಮೀಸಲಾತಿ ಕೇಳಿದರು: ಹುಟ್ಟಾ ಎಗಳಿಗೆ ‘ಎ ಪ್ಲಸ್’ ಕೊಡಲಿ. ಕನ್ವರ್ಷನ್ನಿಗೆ ಗೌಡ್ರು ಕೊಟ್ಟದ್ದೂ ದುಡ್ಡೇ ಅಲ್ವಾ ಅಂತ ಬಾಯಿ ತಪ್ಪಿ ಕೇಳಿದ ಚಾಚಾನಿಗೆ ಅವತ್ತು ಮಿರ್ಚಿ ಸಿಗಲಿಲ್ಲ.

ಇವರೆಲ್ಲರ ಗಲಾಟೆಯಲ್ಲಿ ಅಜ್ಜಿಯನ್ನು ಯಾರೂ ನೋಡಿರಲಿಲ್ಲ. ಅವಳ ಮನೆಗೆ ಯಾವ ಖಾತಾವೂ ಇಲ್ಲ. ಸೈಟು ಮಾರಿದವನು ಕೊಟ್ಟ ಛಾಪಾ ಕಾಗದವೊಂದಿದೆ, ಅದರ ಮೇಲಿನ ಸರ್ವೆ ನಂಬರು ನಾಲೆಯ ಮಧ್ಯದ್ದು. ಮೊಮ್ಮಗನಿಂದ ಅರ್ಜಿ ಬರೆಸಿದ್ದಾಳೆ: ಎ ಬೇಡ, ಬಿ ಬೇಡ, ನಮಗೊಂದು ಸಿ ಖಾತಾ ದಯಪಾಲಿಸಬೇಕು. ಸಹಿಗಾಗಿ ಮನೆ ಮನೆ ತಿರುಗಿದಳು. ಮುಂದಿನ ಸಾಲಿನವರು ಓದಿ ನೋಡಿ ಹೇಳ್ತೀವಿ ಅಂದರು. ಹಿಂದಿನ ಸಾಲಿನ ಬಿ ಖಾತಾದವರು ಓದಲೂ ಇಲ್ಲ, ಒಬ್ಬರನ್ನೊಬ್ಬರು ತಳ್ಳಿಕೊಂಡು ಬಂದು ಸಹಿ ಹಾಕಿದರು.