ಒಂದು ಮೂಳೆಯಿಂದ ಇಷ್ಟೆಲ್ಲ ಹೇಳಬಹುದೇ?

ಮನುಷ್ಯನ ವಿಕಾಸದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಎಲ್ಲೋ ಸಿಕ್ಕ ಒಂದು ತುಂಡು ಮೂಳೆಯನ್ನೋ ಹಲ್ಲನ್ನೋ ಹಿಡಿದುಕೊಂಡು ಲಕ್ಷಾಂತರ ವರ್ಷಗಳ ಹಿಂದಿನ ಕಥೆ ಕಟ್ಟಿದರೆ ನಂಬುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳುವವರಲ್ಲಿ ಹೆಚ್ಚಿನವರು ಉತ್ತರಕ್ಕೆ ಕಾಯುವುದಿಲ್ಲ ಎಂಬುದೇ ನನ್ನ ಬೇಸರ.

1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿನ ಸುಣ್ಣಕಲ್ಲಿನ ಗಣಿಯಿಂದ ಬಂದ ಕಲ್ಲಿನ ಗಟ್ಟಿಯೊಂದನ್ನು ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ರೇಮಂಡ್ ಡಾರ್ಟ್ ವಾರಗಟ್ಟಲೆ ಕೂತು, ಹೆಣಿಗೆ ಕಡ್ಡಿಗಳಿಂದಲೂ ಕೆರೆದು, ಒಳಗಿದ್ದ ಪುಟ್ಟ ಮುಖವನ್ನು ಬಿಡಿಸಿದರು. ಬಾಯಲ್ಲಿ ಹಾಲುಹಲ್ಲುಗಳಿದ್ದವು, ಮೊದಲ ಶಾಶ್ವತ ದವಡೆಹಲ್ಲು ಆಗಷ್ಟೇ ಮೂಡುತ್ತಿತ್ತು. ಅಂದರೆ ಅದು ಮೂರ್ನಾಲ್ಕು ವರ್ಷದ ಮಗು. ಮಿದುಳು ವಾನರಗಳದ್ದರಷ್ಟೇ ಚಿಕ್ಕದು. ಆದರೆ ಬೆನ್ನುಹುರಿ ತಲೆಬುರುಡೆಯನ್ನು ಸೇರುವ ರಂಧ್ರ, ನಾಲ್ಕು ಕಾಲಿನ ಮೇಲೆ ನಡೆಯುವ ಪ್ರಾಣಿಗಳಲ್ಲಿರುವಂತೆ ಹಿಂದಕ್ಕಿರದೆ, ಬುರುಡೆಯ ತಳದಲ್ಲಿ ಮುಂದಕ್ಕೆ ಸರಿದಿತ್ತು. ನೆಟ್ಟಗಿನ ಬೆನ್ನೆಲುಬಿನ ಮೇಲೆ ಕೂತ ತಲೆಯ ಲಕ್ಷಣ ಅದು. ಈ ಜೀವಿ ಎರಡು ಕಾಲಿನ ಮೇಲೆ ನಡೆಯುತ್ತಿತ್ತು ಎಂದು ಡಾರ್ಟ್ 1925ರಲ್ಲಿ ಪ್ರಕಟಿಸಿದರು.

ಅಂದಿನ ಹಿರಿಯ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಮೊದಲು ದೊಡ್ಡದಾದದ್ದು ಮಿದುಳು ಎಂಬುದು ಅವರ ನಂಬಿಕೆಯಾಗಿತ್ತು. ಅದಕ್ಕೆ ಹೇಳಿ ಮಾಡಿಸಿದಂತಿದ್ದ ಪಿಲ್ಟ್‌ಡೌನ್ ಬುರುಡೆ 1912ರಲ್ಲೇ ಇಂಗ್ಲೆಂಡಿನಲ್ಲಿ ‘ಸಿಕ್ಕಿ’ತ್ತು. ಮನುಷ್ಯನ ಬುರುಡೆಗೆ ಒರಾಂಗುಟಾನ್‌ನ ದವಡೆ ಜೋಡಿಸಿ, ಹಲ್ಲುಗಳನ್ನು ಅರದಿಂದ ಉಜ್ಜಿ, ಬಣ್ಣ ಹಚ್ಚಿದ್ದ ಮೋಸ ಅದು ಎಂಬುದು 1953ರಲ್ಲಿ ಬಯಲಾಯಿತು. ವಿಜ್ಞಾನವನ್ನು ಹೀಗಳೆಯುವವರು ಈ ಪ್ರಕರಣವನ್ನು ಇಂದಿಗೂ ಎತ್ತಿ ಆಡುತ್ತಾರೆ. ಆದರೆ ಮೋಸವನ್ನು ಹಿಡಿದವರು ಯಾರು? ಅದೇ ಕ್ಷೇತ್ರದ ವಿಜ್ಞಾನಿಗಳೇ. ಮಣ್ಣಿನಲ್ಲಿ ಹೂತ ಮೂಳೆ ಅಂತರ್ಜಲದಿಂದ ನಿಧಾನವಾಗಿ ಫ್ಲೋರಿನ್ ಹೀರಿಕೊಳ್ಳುತ್ತದೆ. ಪಿಲ್ಟ್‌ಡೌನ್ ಮೂಳೆಗಳಲ್ಲಿ ಹಳೆಯ ಮೂಳೆಗಿರಬೇಕಾದಷ್ಟು ಫ್ಲೋರಿನ್ ಇರಲಿಲ್ಲ. ನಲವತ್ತು ವರ್ಷ ಬೇಕಾಯಿತೆಂಬ ನೋವು ನನಗೂ ಇದೆ. ಆದರೂ ತನ್ನ ತಪ್ಪನ್ನು ತಾನೇ ಅಗೆದು ತೆಗೆದ ಈ ಶಾಸ್ತ್ರದ ಮೇಲೆ ನನ್ನ ಗೌರವ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಇನ್ನು ವಯಸ್ಸಿನ ವಿಚಾರ. ಎಲ್ಲವನ್ನೂ ಕಾರ್ಬನ್ ಪರೀಕ್ಷೆಯಿಂದಲೇ ಅಳೆಯುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಅದು ಸುಮಾರು 50,000 ವರ್ಷಗಳಾಚೆಗೆ ಕೆಲಸಕ್ಕೆ ಬಾರದು. ಪೂರ್ವ ಆಫ್ರಿಕಾದ ಹಳೆಯ ಪಳೆಯುಳಿಕೆಗಳ ವಿಷಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಮೂಳೆಯನ್ನಲ್ಲ, ಅದರ ಮೇಲೂ ಕೆಳಗೂ ಇರುವ ಜ್ವಾಲಾಮುಖಿಯ ಬೂದಿಯ ಪದರಗಳನ್ನು. ಬೂದಿಯ ಹರಳುಗಳಲ್ಲಿರುವ ಪೊಟ್ಯಾಸಿಯಂನ ಒಂದು ಬಗೆಯ ಪರಮಾಣು ಬಹಳ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಬೆಂಕಿಯಿಂದ ಹೊರಬಿದ್ದಾಗ ಹಳೆಯ ಅನಿಲವೆಲ್ಲ ಹಾರಿಹೋಗಿರುವುದರಿಂದ, ಆಮೇಲೆ ಸೇರಿದ ಆರ್ಗಾನ್‌ನ ಪ್ರಮಾಣವೇ ಕಾಲವನ್ನು ಹೇಳುತ್ತದೆ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ ‘ಲೂಸಿ’ (ಮನುಷ್ಯನ ಪೂರ್ವಜರ ಬಳಗದ ಹೆಣ್ಣೊಂದರ ಅಸ್ಥಿಪಂಜರಕ್ಕಿಟ್ಟ ಹೆಸರು) 32 ಲಕ್ಷ ವರ್ಷ ಹಳೆಯವಳು ಎಂದು ಗೊತ್ತಾದದ್ದು ಹೀಗೆ. ಎಲ್ಲಿ, ಯಾವ ಪದರದಲ್ಲಿ ಇತ್ತೆಂಬುದನ್ನು ಗುರುತು ಮಾಡಿಕೊಳ್ಳದೆ ಕಿತ್ತು ತಂದ ಪಳೆಯುಳಿಕೆ ಎಷ್ಟೇ ಸುಂದರವಾಗಿದ್ದರೂ ಅರ್ಧ ಮೂಕವಾದಂತೆ.

ಎರಡು ಕಾಲಿನ ನಡಿಗೆಯೇ ಮೊದಲು ಎಂಬುದಕ್ಕೆ ಟಾಂಜಾನಿಯಾದ ಲೇಟೋಲಿಗಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಪಳೆಯುಳಿಕೆ ಶೋಧಕಿ ಮೇರಿ ಲೀಕಿಯವರ ತಂಡಕ್ಕೆ 1978ರಲ್ಲಿ ಅಲ್ಲಿ ಸಿಕ್ಕಿದ್ದು ಮೂಳೆಯಲ್ಲ, ಹೆಜ್ಜೆಗಳು: ಒದ್ದೆ ಬೂದಿಯ ಮೇಲೆ ನಡೆದುಹೋದವರ, ಸುಮಾರು 36 ಲಕ್ಷ ವರ್ಷ ಹಳೆಯ ಗುರುತುಗಳು. ಹಿಮ್ಮಡಿ ಆಳವಾಗಿ ಊರಿದೆ. ಹೆಬ್ಬೆರಳು ನಮ್ಮ ಪಾದದಲ್ಲಿರುವಂತೆ ಉಳಿದ ಬೆರಳುಗಳ ಸಾಲಿನಲ್ಲೇ ಇದೆ.

ಟೌಂಗ್ ಮಗುವಿನ ಅಧ್ಯಯನ ಡಾರ್ಟ್ ಅವರಿಗೇ ಮುಗಿಯಲಿಲ್ಲ. 2006ರಲ್ಲಿ ಪಳೆಯುಳಿಕೆ ವಿಜ್ಞಾನಿ ಲೀ ಬರ್ಗರ್ ಅದರ ಕಣ್ಣುಗೂಡುಗಳಲ್ಲಿ ಸಣ್ಣ ತೂತು, ಗೀರುಗಳನ್ನು ಗುರುತಿಸಿದರು. ಆಫ್ರಿಕಾದ ದೊಡ್ಡ ಹದ್ದುಗಳು ಇಂದಿಗೂ ಕೋತಿಗಳನ್ನು ಕೊಂದು ತಿಂದಾಗ ಬುರುಡೆಗಳಲ್ಲಿ ಉಳಿಯುವ ಗುರುತುಗಳು ಇಂಥವೇ. ಆ ಮಗುವನ್ನು ಹದ್ದೊಂದು ಹಿಡಿದಿರಬೇಕು ಎಂಬ ತೀರ್ಮಾನವನ್ನು ಓದಿದ ದಿನ ನಾನು ಆ ಪುಟ್ಟ ಮುಖದ ಚಿತ್ರವನ್ನು ಬಹಳ ಹೊತ್ತು ನೋಡುತ್ತ ಕೂತಿದ್ದೆ.